ಉಬ್ಬಿಕೊಳ್ಳದ ಮಿನಿ ಆಲ್ಬಂ ಮಾಡಿ

ಮಿನಿ ಸ್ಕ್ರ್ಯಾಪ್‌ಬುಕ್ ಮಾಡಿದವರು ಎಲ್ಲ ಅಂಟಿಸಿ ಮುಗಿಸಿದ ಮೇಲೆ ಒಂದೇ ಮಾತು ಹೇಳುತ್ತಾರೆ: ‘ಮುಚ್ಚೋಕೇ ಆಗ್ತಿಲ್ಲ.’ ಫೋಟೊ, ಟಿಕೆಟ್, ಪತ್ರ ಸೇರಿ ಒಳಗೆ ದಪ್ಪವಾಗಿರುತ್ತದೆ, ಮಡಿಕೆಯ ಕಡೆ ಮಾತ್ರ ತೆಳ್ಳಗೆ. ರಟ್ಟು ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಒತ್ತಿ ಮುಚ್ಚಿದರೆ ಮಡಿಕೆ ಹರಿಯುತ್ತದೆ. ವಾರಗಟ್ಟಲೆ ಆಸೆಯಿಂದ ಮಾಡಿದ ಆಲ್ಬಂ ಹೀಗಾದಾಗ ಹೊಟ್ಟೆ ಉರಿಯುತ್ತೆ, ಅಲ್ವಾ? ಉದ್ದ ಕಾಗದದ ಪಟ್ಟಿಯನ್ನು ಹಿಂದೆ ಮುಂದೆ ಮಡಿಸಿ ಮಾಡುವ ಇಂಥ ಆಲ್ಬಂನಲ್ಲಿ ದಪ್ಪಕ್ಕೆ ಬೇಕಾದ ಜಾಗವನ್ನು ಮಡಿಸುವಾಗಲೇ ಬಿಡಬೇಕು.

ಮೊದಲು ಫೋಟೊ ಆರಿಸಿ. ಆರು ಪುಟ, ಆರು ಫೋಟೊ, ಒಂದೇ ವಿಷಯ: ಒಂದು ಪ್ರಯಾಣ, ಮಗುವಿನ ಮೊದಲ ವರ್ಷ, ಅಜ್ಜನ ಅಂಗಡಿ. ಇಡೀ ಜೀವನವನ್ನು ತುರುಕಬೇಡಿ, ಇನ್ನೊಂದು ಆಲ್ಬಂ ಮಾಡಬಹುದು. 4x6 ಇಂಚಿನ ಉದ್ದುದ್ದ ಫೋಟೊಗಳಿಗೆ 5x7 ಇಂಚಿನ ಪುಟ ಸರಿಹೋಗುತ್ತದೆ. ಅಡ್ಡ ಫೋಟೊಗಳಿದ್ದರೆ 3x4 ಅಳತೆಗೆ ಪ್ರಿಂಟ್ ಹಾಕಿಸಿ.

ಕಾಗದ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಇರಲಿ, ಮೇಲೆ ‘ಆಸಿಡ್ ಫ್ರೀ’ (ಆಮ್ಲ ಇಲ್ಲದ್ದು) ಎಂದು ಬರೆದಿರಲಿ. ಮಾಮೂಲಿ ಬಣ್ಣದ ಚಾರ್ಟ್ ಶೀಟ್ ಬೇಡವೇ ಬೇಡ. ಅದರ ಬಣ್ಣ ಮಾಸುತ್ತದೆ, ಕಾಗದವೂ ಬೇಗ ಪೆಡಸಾಗುತ್ತದೆ.

ಇನ್ನು ಮಡಿಕೆ. ಇಲ್ಲಿ ಅವಸರ ಮಾಡಬೇಡಿ.

ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಳೆಯನ್ನು ಮಡಿಸದೆ ಸುಮ್ನೆ ಮೆಲ್ಲಗೆ ಬಾಗಿಸಿ ನೋಡಿ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಮಡಿಕೆಯೂ ಅದೇ ದಿಕ್ಕಿಗೆ ಬರಬೇಕು. ಉಲ್ಟಾ ಮಡಿಸಿದರೆ ಮಡಿಕೆಯ ಮೇಲೆ ಸಣ್ಣ ಬಿರುಕುಗಳು ಏಳುತ್ತವೆ.

ಈಗ 7 ಇಂಚು ಎತ್ತರದ ಎರಡು ಪಟ್ಟಿ ಕತ್ತರಿಸಿ. ಮೊದಲನೆಯದು 16 ಇಂಚು ಉದ್ದ, ಎರಡನೆಯದು ಹದಿನೈದೂಕಾಲು. ಮೊದಲ ಪಟ್ಟಿಯಲ್ಲಿ ಎಡದಿಂದ ಹೀಗೆ ಗುರುತು ಹಾಕಿ: 5 ಇಂಚು, ಕಾಲು ಇಂಚು, 5, 5, ಮತ್ತೆ ಕಾಲು, ಕೊನೆಗೆ ಅರ್ಧ. ಎರಡನೆಯದರಲ್ಲಿ: 5, 5, ಕಾಲು, 5. ಆ ಕಾಲು ಇಂಚೇ ನಿಮ್ಮ ಫೋಟೊಗಳಿಗೆ ಬಿಟ್ಟ ಜಾಗ. ಅರ್ಧ ಇಂಚು ಜೋಡಿಸುವ ಪಟ್ಟಿ. ಅದನ್ನು ಎರಡನೇ ತುಂಡಿನ ಮೊದಲ ಪುಟದ ಹಿಂದೆ ಅಂಟಿಸಿ.

ಇಂಕ್ ಮುಗಿದ ಬಾಲ್‌ಪೆನ್ ಹಿಡಿದು, ಸ್ಟೀಲ್ ಸ್ಕೇಲಿಗೆ ಒರಗಿಸಿ ಪ್ರತಿ ಗುರುತಿನ ಮೇಲೂ ಎರಡು ಸಲ ಗೀರಿ. ಹಾಳೆ ಕತ್ತರಿಸಿ ಹೋಗಬಾರದು, ಬೆರಳು ಸವರಿದರೆ ಸಣ್ಣ ಕಾಲುವೆ ಸಿಗಬೇಕು. ಕಾಲು ಇಂಚಿನ ಎರಡೂ ಗೆರೆಗಳು ಫೋಟೊ ಬರುವ ಕಡೆಗೆ ಮಡಿಯಬೇಕು. 2ನೇ ಮತ್ತು 3ನೇ ಪುಟದ ನಡುವೆ, 4 ಮತ್ತು 5ರ ನಡುವೆ ಒಂದೇ ಗೆರೆ. ಅದು ಹಿಂದಕ್ಕೆ ಮಡಿಯಬೇಕು. ಚಮಚದ ಹಿಂಭಾಗದಿಂದ ಉಜ್ಜಿ ಗಟ್ಟಿ ಮಾಡಿ. ಪಕ್ಕದಿಂದ ನೋಡಿದರೆ ಚಪ್ಪಟೆ ತಳದ ಮೂರು ಪುಟ್ಟ ತೊಟ್ಟಿಗಳು ಕಾಣಬೇಕು.

ಅಂಟಿಸುವಾಗಲೂ ಜನ ಎಡವುತ್ತಾರೆ. ಅಂಟು ಬಳಿದ ಪುಟದ ಮೇಲೆ ಪ್ಲಾಸ್ಟಿಕ್ ಹಾಳೆ ಬರುವ ರೆಡಿಮೇಡ್ ಆಲ್ಬಂ ಮನೆಗೆ ತರಲೇಬೇಡಿ. ಅಂಥದ್ದೊಂದು ನಮ್ಮ ಚಿಕ್ಕಮ್ಮನ ಹತ್ತಿರ ಇತ್ತು. ಅದರಿಂದ ಒಂದು ಫೋಟೊ ಬಿಡಿಸಿದಾಗ ಅಜ್ಜಿ ಹಿಂದೆ ಬರೆದಿದ್ದ ಹೆಸರುಗಳು ಪುಟಕ್ಕೇ ಕಚ್ಚಿಕೊಂಡು ಉಳಿದವು. ನಿಮ್ಮಲ್ಲೂ ಇದ್ದರೆ ಉಗುರು ಹಾಕಿ ಕೀಳಬೇಡಿ. ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಫೋಟೊ ಕೆಳಗೆ ತೂರಿಸಿ, ಗರಗಸದ ಹಾಗೆ ನಿಧಾನವಾಗಿ ಎಳೆಯಿರಿ. ಸೆಲ್ಲೋಟೇಪ್ ಕೂಡ ಬೇಡ, ಹಳದಿಯಾಗಿ ಕಲೆ ಬಿಟ್ಟು ಉದುರುತ್ತದೆ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಕವರಿಗೂ ಫೋಟೊ ಹಾಕಬೇಡಿ.

ನನ್ನ ಕೇಳಿದರೆ ಫೋಟೊಗೆ ಅಂಟು ಸೋಕಲೇಬಾರದು. ಅರ್ಧ ಇಂಚು ಅಗಲ, ಎರಡು ಇಂಚು ಉದ್ದದ ಕಾಗದದ ಪಟ್ಟಿ ತಗೊಳ್ಳಿ. ನಡುವಿನಿಂದ ಎರಡೂ ತುದಿಗಳನ್ನು ಕೆಳಕ್ಕೆ ಮಡಿಸಿದರೆ ಬಾಣದ ಮೊನೆಯಂಥ ಜೇಬು ಆಗುತ್ತದೆ. ಹೆಚ್ಚಾದ ತುದಿ ಕತ್ತರಿಸಿ. ಇಂಥ ನಾಲ್ಕನ್ನು ಫೋಟೊದ ನಾಲ್ಕು ಮೂಲೆಗೆ ತೊಡಿಸಿ, ಜೇಬುಗಳ ಹಿಂದೆ ಮಾತ್ರ ಅಂಟು ಹಚ್ಚಿ ಕೂರಿಸಿ. ಬೇಕಾದಾಗ ಫೋಟೊ ಹೊರಗೆ ತೆಗೆಯಬಹುದು.

ಪೇಪರ್ ಕಟಿಂಗ್ ಮತ್ತು ಅಂಗಡಿ ಬಿಲ್ಲುಗಳನ್ನು ಜೆರಾಕ್ಸ್ ಮಾಡಿಸಿಯೇ ಹಾಕಿ. ನ್ಯೂಸ್‌ಪ್ರಿಂಟ್ ಹಳದಿಯಾಗುತ್ತದೆ. ಈಗಿನ ಥರ್ಮಲ್ ಬಿಲ್ಲಿನ ಅಕ್ಷರವಂತೂ ತಾನಾಗಿಯೇ ಅಳಿಸಿಹೋಗುತ್ತದೆ. ಹೊಳೆಯುವ ಸ್ಟಿಕರು, ಗ್ಲಿಟರ್ ನನಗೆ ಇಷ್ಟವಿಲ್ಲ. ಗ್ಲಿಟರ್ ಉದುರಿ ಫೋಟೊ ಮೇಲೆ ಗೀರು ಹಾಕುತ್ತದೆ. ಅದರ ಬದಲು ನಿಮ್ಮ ಕೈಬರಹದಲ್ಲಿ ಎರಡು ಸಾಲು ಬರೆಯಿರಿ: ಯಾರು, ಎಲ್ಲಿ, ಯಾವ ವರ್ಷ, ಆಗ ಯಾಕೆ ಎಲ್ಲರೂ ನಗುತ್ತಿದ್ದಿರಿ. ಬೇಗ ಮಾಸದ ಪಿಗ್ಮೆಂಟ್ ಇಂಕಿನ ಪೆನ್ ಒಳ್ಳೆಯದು. ಫೋಟೊದ ಹಿಂದೆ ಬರೆಯುವುದಾದರೆ ಮೆದು ಪೆನ್ಸಿಲ್. ಬಾಲ್‌ಪೆನ್ ಒತ್ತಿದರೆ ಮುಂದೆ ಉಬ್ಬು ಮೂಡುತ್ತದೆ.

ಕೊನೆಗೆ ಐದೂಕಾಲು x ಏಳೂಕಾಲು ಇಂಚಿನ ಎರಡು ರಟ್ಟಿಗೆ ಹತ್ತಿ ಬಟ್ಟೆ ಸುತ್ತಿ, ಒಂದನ್ನು ಮೊದಲ ಪುಟದ ಬೆನ್ನಿಗೂ ಇನ್ನೊಂದನ್ನು ಕೊನೆಯ ಪುಟದ ಬೆನ್ನಿಗೂ ಅಂಟಿಸಿ. ಬಿಳಿ ಗೋಂದು ತೆಳ್ಳಗಿರಲಿ, ಜಾಸ್ತಿ ಬಳಿದರೆ ಕಾಗದ ಸುಕ್ಕಾಗುತ್ತದೆ. ಫೋಟೊಗಳನ್ನು ಮೂಲೆಯಿಂದ ತೆಗೆದಿಟ್ಟು, ಭಾರದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಪೂರ್ತಿ ಒಣಗಿದೆಯೇ ಎಂದು ಮುಟ್ಟಿ ನೋಡಿ, ಆಮೇಲೆ ಫೋಟೊಗಳನ್ನು ವಾಪಸ್ ಸಿಕ್ಕಿಸಿ.