ಡಿಲೀಟ್ ಆದ ಡೇಟಾಬೇಸ್‌ನ ವಿವರ ಎಪಿಐನಿಂದ ತೆಗೆದದ್ದು: ನನ್ನ ಅನುಭವ

ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್‌ನಲ್ಲಿ ಒಂದು ಎಸ್‌ಕ್ಯೂಎಲ್ ಡೇಟಾಬೇಸ್ ಡಿಲೀಟ್ ಆದ ಕೂಡಲೇ ಪೂರ್ತಿ ಹೋಗಿಬಿಡುವುದಿಲ್ಲ. ಬ್ಯಾಕಪ್ ಇಟ್ಟುಕೊಳ್ಳುವ ಅವಧಿ ಮುಗಿಯುವ ತನಕ ಅದನ್ನು ವಾಪಸ್ ತರಬಹುದು. ನಾವೇನೂ ಬದಲಿಸದಿದ್ದರೆ ಈ ಅವಧಿ 7 ದಿನ. ಸಾಮಾನ್ಯವಾಗಿ 35 ದಿನದವರೆಗೂ ಹೆಚ್ಚಿಸಿಕೊಳ್ಳಬಹುದು. ಇದು ಗೊತ್ತಿರುವವರು ಗಾಬರಿಯಲ್ಲಿ ಸೀದಾ ರಿಸ್ಟೋರ್‌ಗೆ ಕೈ ಹಾಕುತ್ತಾರೆ. ಅದಕ್ಕೂ ಮುಂಚೆ ಎಪಿಐ (ಅಜೂರ್ ಜೊತೆ ಪ್ರೋಗ್ರಾಂ ಮೂಲಕ ಮಾತಾಡುವ ದಾರಿ) ಕರೆದು ವಿವರ ಓದಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಯಾಕೆ ಅಂತ ನಮ್ಮ ಕೇಸಿನಲ್ಲೇ ತೋರಿಸುತ್ತೇನೆ.

ಗ್ರಾಹಕರೊಬ್ಬರ ಬಿಲ್ಲಿಂಗ್ ಡೇಟಾಬೇಸ್ ಅದು. ಡಿಪ್ಲಾಯ್‌ಮೆಂಟ್ ಸ್ಕ್ರಿಪ್ಟ್ ಒಂದು ಟೆಸ್ಟ್ ಸರ್ವರ್ ಬದಲು ಅಸಲಿ ಸರ್ವರ್ ಮೇಲೆ ಓಡಿತು. ಹಳೆಯ ಡೇಟಾಬೇಸ್ ತೆಗೆದು ಅದೇ ಹೆಸರಲ್ಲಿ ಖಾಲಿ ಡೇಟಾಬೇಸ್ ಮಾಡುವುದು ಆ ಸ್ಕ್ರಿಪ್ಟ್‌ನ ಕೆಲಸ. ಮುಂದಿನ ಹಂತದಲ್ಲಿ ಎರರ್ ಬಂತು, ಸ್ಕ್ರಿಪ್ಟ್ ಖಾಲಿ ಡೇಟಾಬೇಸನ್ನೂ ಡಿಲೀಟ್ ಮಾಡಿ ಮತ್ತೆ ಮೊದಲಿನಿಂದ ಶುರು ಮಾಡಿತು. ಮತ್ತೆ ಎರರ್, ಮತ್ತೆ ಡಿಲೀಟ್. ಅಂದರೆ ಡಿಲೀಟ್ ಆದವುಗಳ ಪಟ್ಟಿಯಲ್ಲಿ ಒಂದೇ ಹೆಸರಿನವು ಮೂರು! ತೀರ ಇತ್ತೀಚೆಗೆ ಡಿಲೀಟ್ ಆದದ್ದನ್ನು ತಂದರೆ ಸಿಗುವುದು ಖಾಲಿ ಡೇಟಾಬೇಸ್.

ಪಟ್ಟಿ ತೆಗೆಯಲು ಒಂದು ಗೆಟ್ ಕರೆ, ಅಂದರೆ ಬರೀ ಓದುವ ಕರೆ, ಸಾಕು. ಅಜೂರ್ ಮ್ಯಾನೇಜ್‌ಮೆಂಟ್ ವಿಳಾಸದ ಮುಂದೆ ಸಬ್‌ಸ್ಕ್ರಿಪ್ಷನ್ ಐಡಿ, ರಿಸೋರ್ಸ್ ಗ್ರೂಪ್, ಸರ್ವರ್ ಹೆಸರು ಬರುತ್ತವೆ. ಕೊನೆಯಲ್ಲಿ 'ರಿಸ್ಟೋರಬಲ್ ಡ್ರಾಪ್ಡ್ ಡೇಟಾಬೇಸಸ್' ಅನ್ನುವ ಭಾಗ ಸೇರಿಸಬೇಕು. ನಾನು ಬಳಸಿದ ಎಪಿಐ ವರ್ಷನ್ 2021-11-01. ಟೋಕನ್ (ನಾವು ಯಾರು ಅಂತ ತೋರಿಸುವ ಗುರುತು) ತಂದುಕೊಳ್ಳುವ ತಲೆನೋವು ಬೇಡ ಅಂದರೆ, ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಅಜೂರ್ ಸಿಎಲ್‌ಐನ 'ಎಜ಼ಡ್ ರೆಸ್ಟ್' ಕಮಾಂಡ್ ಇದೆ, ಲಾಗಿನ್ ಆಗಿದ್ದರೆ ಟೋಕನ್ ಅದೇ ಹಾಕಿಕೊಳ್ಳುತ್ತದೆ. ಬರೀ ನೋಡುವುದಕ್ಕೆ ರೀಡರ್ ಅನುಮತಿ ಇದ್ದರೆ ಆಯಿತು. ಇದು ದೊಡ್ಡ ಅನುಕೂಲ: ದೊಡ್ಡ ಅನುಮತಿ ಇರುವವರು ಸಿಗುವಷ್ಟರಲ್ಲಿ ಯಾವುದನ್ನು ತರಬೇಕು ಅಂತ ನಾವು ಗೊತ್ತು ಮಾಡಿಕೊಂಡಿರಬಹುದು.

ಉತ್ತರದಲ್ಲಿ ಮೊದಲು ಐಡಿ ನೋಡಿ. ಡೇಟಾಬೇಸ್ ಹೆಸರು, ಒಂದು ಕಾಮಾ, ಆಮೇಲೆ 18 ಅಂಕಿಯ ಸಂಖ್ಯೆ. ಉದಾಹರಣೆಗೆ 133548666003700000. ಅದು ಸುಮ್ನೆ ಕೊಟ್ಟ ನಂಬರ್ ಅಲ್ಲ, ಡಿಲೀಟ್ ಆದ ಹೊತ್ತು. 1601ರ ಜನವರಿ 1ರಿಂದ ಎಣಿಸುವ ವಿಂಡೋಸ್ ಫೈಲ್ ಟೈಮ್ ಇದು. ಒಂದು ಸೆಕೆಂಡಿಗೆ ಒಂದು ಕೋಟಿ ಎಣಿಕೆ. ಒಂದು ಕೋಟಿಯಿಂದ ಭಾಗಿಸಿ, 11644473600 ಕಳೆದರೆ ಯುನಿಕ್ಸ್ ಸಮಯ (1970ರ ಜನವರಿ 1ರಿಂದ ಎಣಿಸುವ ಸೆಕೆಂಡುಗಳು) ಸಿಗುತ್ತದೆ. ಈ ಉದಾಹರಣೆಯ ಸಂಖ್ಯೆ 2024ರ ಮಾರ್ಚ್ 14, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಪ್ರಕಾರ ಬೆಳಗ್ಗೆ 5:10, ಅಂದರೆ ನಮ್ಮ 10:40. ಹೆಸರು ಒಂದೇ ಆದರೂ ಐಡಿಗಳು ಬೇರೆ ಬೇರೆ ಆಗುವುದು ಹೀಗೆ.

ಇನ್ನು ಮೂರರಲ್ಲಿ ಅಸಲಿ ಯಾವುದು? ಗಾತ್ರ ನೋಡೋಣ ಅನ್ನಿಸುತ್ತದೆ ಅಲ್ವಾ? ಅಲ್ಲೇ ಮೋಸ ಹೋಗುವುದು. ಉತ್ತರದಲ್ಲಿರುವ ಗಾತ್ರ ಗರಿಷ್ಠ ಮಿತಿ ಅಷ್ಟೇ, ಒಳಗೆ ಎಷ್ಟು ಡೇಟಾ ಇತ್ತು ಅನ್ನುವುದಲ್ಲ. ಸ್ಕ್ರಿಪ್ಟ್ ಮಾಡಿದ ಖಾಲಿ ಡೇಟಾಬೇಸ್‌ಗೂ ಅದೇ ಮಿತಿ, ಅದೇ ಶ್ರೇಣಿ. ದಾರಿ ತೋರಿಸಿದ್ದು ಹುಟ್ಟಿದ ದಿನಾಂಕ ಮತ್ತು ಡಿಲೀಟ್ ಆದ ದಿನಾಂಕ. ಎರಡು ಡೇಟಾಬೇಸ್‌ಗಳು ಹುಟ್ಟಿ ಕೆಲವೇ ನಿಮಿಷ ಬದುಕಿದ್ದವು. ಒಂದು ಮಾತ್ರ ವರ್ಷಗಟ್ಟಲೆ ಇತ್ತು. ನಮ್ಮದು ಅದೇ. ಆದರೆ ಒಂದು ಎಚ್ಚರ: ಡೇಟಾಬೇಸನ್ನು ಹಿಂದೊಮ್ಮೆ ರಿಸ್ಟೋರ್ ಮಾಡಿದ್ದರೆ, ಹುಟ್ಟಿದ ದಿನಾಂಕ ಆ ರಿಸ್ಟೋರ್‌ನದ್ದಾಗಿರುತ್ತದೆ.

ಮೂರನೆಯದು 'ಅರ್ಲಿಯೆಸ್ಟ್ ರಿಸ್ಟೋರ್ ಡೇಟ್', ಎಷ್ಟು ಹಿಂದಕ್ಕೆ ಹೋಗಬಹುದು ಅನ್ನುವ ಗಡಿ. ನಮಗೆ ಇದು ಬೇಕಾಯಿತು. ಯಾಕಂದ್ರೆ ಡಿಲೀಟ್‌ಗೂ ಮೊದಲು ಸ್ಕ್ರಿಪ್ಟ್ ಕೆಲವು ಟೇಬಲ್‌ಗಳನ್ನು ಖಾಲಿ ಮಾಡಿತ್ತು. ಡಿಲೀಟ್ ಆದ ಕ್ಷಣಕ್ಕೆ ತಂದರೆ ಅವು ಖಾಲಿಯೇ ಸಿಗುತ್ತಿದ್ದವು. ಸ್ಕ್ರಿಪ್ಟ್‌ನ ಲಾಗ್‌ನಲ್ಲಿ ಆ ಹಂತ ಶುರುವಾದ ಸಮಯ ಹುಡುಕಿ, ಅದಕ್ಕಿಂತ ಒಂದು ನಿಮಿಷ ಹಿಂದಿನ ಹೊತ್ತು ಆರಿಸಿದೆವು. ಲಾಗ್ ನಮ್ಮ ಸಮಯದಲ್ಲಿ, ಎಪಿಐ ಯುಟಿಸಿಯಲ್ಲಿ. ಐದೂವರೆ ಗಂಟೆ ಕಳೆದು ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಿಕೊಂಡೆವು.

ರಿಸ್ಟೋರ್ ಅಂದರೆ ಹೊಸ ಡೇಟಾಬೇಸ್ ಮಾಡುವ ಪುಟ್ ಕರೆಯೇ. ಕ್ರಿಯೇಟ್ ಮೋಡ್ 'ರಿಸ್ಟೋರ್' ಅಂತ ಕೊಟ್ಟು, ಮೂಲದ ಜಾಗದಲ್ಲಿ ಕಾಮಾ ಇರುವ ಆ ಪೂರ್ತಿ ಐಡಿ ಹಾಕಬೇಕು. ಮಾಮೂಲಿ ಡೇಟಾಬೇಸ್ ಐಡಿ ಹಾಕಿದರೆ ಡಿಲೀಟ್ ಆದ ಸಮಯವನ್ನೂ ಬೇರೆಯಾಗಿ ಕೊಡಬೇಕಾಗುತ್ತದೆ. ಒಂದೇ ಹೆಸರಿನವು ಮೂರಿರುವಾಗ ಕಾಮಾ ಐಡಿಯೇ ನಿಶ್ಚಿಂತೆ. ಜೊತೆಗೆ ಬೇಕಾದ ಹೊತ್ತು. ಉತ್ತರ 202 ಬರುತ್ತದೆ, ಅಂದರೆ ಕೆಲಸ ಶುರುವಾಗಿದೆ, ಮುಗಿದಿಲ್ಲ. ಹೆಡರ್‌ನಲ್ಲಿ ಸಿಗುವ ವಿಳಾಸವನ್ನು ಆಗಾಗ ಕೇಳುತ್ತಾ ಕಾಯಬೇಕು.

ನಾವು ಬೇಕಂತಲೇ ಬೇರೆ ಹೆಸರಲ್ಲಿ ತಂದೆವು. ಕೊನೆಯ ಬಿಲ್ ನಂಬರ್, ಮುಖ್ಯ ಟೇಬಲ್‌ಗಳ ಸಾಲುಗಳ ಎಣಿಕೆ, ಇವನ್ನು ಗ್ರಾಹಕರ ಲೆಕ್ಕದವರ ಜೊತೆ ಕೂತು ನೋಡಿದ ಮೇಲೆ ಹಳೆಯ ಹೆಸರು ಕೊಟ್ಟೆವು. ಅಪ್ಲಿಕೇಶನ್‌ನಲ್ಲಿ ಏನೂ ಬದಲಿಸಬೇಕಾಗಲಿಲ್ಲ.

ಇದೆಲ್ಲ ನಡೆದದ್ದು ಸರ್ವರ್ ಉಳಿದಿದ್ದರಿಂದ. ಡಿಲೀಟ್ ಆದ ಡೇಟಾಬೇಸ್‌ಗಳ ಪಟ್ಟಿ ಸರ್ವರ್‌ನ ಕೆಳಗೇ ಇರುತ್ತದೆ, ರಿಸ್ಟೋರ್ ಕೂಡ ಅದೇ ಸರ್ವರ್‌ಗೇ ಆಗಬೇಕು. ಹಾಗಾಗಿ ಈಗ ಅಸಲಿ ಸರ್ವರ್ ಮೇಲೆ ಡಿಲೀಟ್ ಲಾಕ್ ಹಾಕಿದ್ದೇವೆ, ಅದು ಕೆಳಗಿನ ಡೇಟಾಬೇಸ್‌ಗಳಿಗೂ ಅನ್ವಯಿಸುತ್ತದೆ. ಟೆಸ್ಟ್ ಸರ್ವರನ್ನು ಬೇರೆ ಸಬ್‌ಸ್ಕ್ರಿಪ್ಷನ್‌ಗೆ ಸಾಗಿಸಿದ್ದೇವೆ. ಸ್ಕ್ರಿಪ್ಟ್‌ಗೆ ಈಗ ಅಲ್ಲಿ ಮಾತ್ರ ಅನುಮತಿ.