ಸವೆದ ಅಲಾಯ್ ಚಕ್ರಗಳಿಗೆ ರಬ್ಬರ್ ಲೇಪನ: ಮೂರನೆಯ ಸಲ ಕೈಹಿಡಿದ ಕೆಲಸ

ಶಿವಮೊಗ್ಗದ ಮಳೆ, ಕೆಸರು ಮತ್ತು ಫುಟ್‌ಪಾತಿನ ಅಂಚುಗಳು ಸೇರಿ ಹತ್ತು ವರ್ಷಗಳಲ್ಲಿ ನನ್ನ ಸ್ವಿಫ್ಟ್ ಕಾರಿನ 15 ಇಂಚಿನ ಅಲಾಯ್‌ಗಳನ್ನು ಯಾವ ಗತಿಗೆ ತಂದಿದ್ದವೆಂದರೆ, ಕಾರನ್ನು ತೊಳೆದಷ್ಟೂ ಚಕ್ರಗಳ ಹಳತನವೇ ಎದ್ದು ಕಾಣುತ್ತಿತ್ತು. ಪುಡಿ ಬಣ್ಣವನ್ನು ಕಾಯಿಸಿ ಅಂಟಿಸುವ ಪೌಡರ್ ಕೋಟಿಂಗ್‌ಗೆ ವಿಚಾರಿಸಿದಾಗ ಚಕ್ರವೊಂದಕ್ಕೆ ಸುಮಾರು 3,000 ರೂಪಾಯಿ, ಟೈರ್ ಕಳಚಿ ಹಾಕುವ ಖರ್ಚು ಬೇರೆ ಎಂದರು. ಸುಲಿದು ತೆಗೆಯಬಹುದಾದ ರಬ್ಬರ್ ಸ್ಪ್ರೇಯನ್ನು ನಾನೇ ಹೊಡೆಯುತ್ತೇನೆಂದಾಗ ಪಂಕ್ಚರ್ ಅಂಗಡಿಯವರು ನಕ್ಕರು. ಭಾವನವರಂತೂ, "ಒಂದು ಮಳೆಗೆ ಹಾವಿನ ಪೊರೆಯಂತೆ ಕಳಚಿ ಬೀಳುತ್ತದೆ, ನೋಡುತ್ತಿರು" ಎಂದು ಭವಿಷ್ಯ ನುಡಿದರು.

ಮೊದಲ ಸಲ ಅವರ ಮಾತೇ ಗೆದ್ದಿತು. ಜುಲೈ ತಿಂಗಳ ತೇವದಲ್ಲಿ, ಶೆಡ್ಡಿನೊಳಗೆ, ಆತುರಪಟ್ಟು ಒಂದೇ ಕೋಟನ್ನು ದಪ್ಪವಾಗಿ ಹೊಡೆದೆ. ಕಪ್ಪು ಬಣ್ಣ ಅಲ್ಲಲ್ಲಿ ಬೂದಿ ಬಳಿದಂತೆ ಬೆಳ್ಳಗಾಯಿತು, ಕಡ್ಡಿಗಳ ಕೆಳಗೆ ಕಂಬನಿಯಂತೆ ಇಳಿದು ಗಟ್ಟಿಯಾಯಿತು. ಎರಡನೆಯ ಸಲದ ತಪ್ಪು ಇದಕ್ಕಿಂತ ಕೆಟ್ಟದು. ಡಬ್ಬಿ ಉಳಿಸುವ ಆಸೆಗೆ ಬಿದ್ದು ಎರಡೇ ತೆಳು ಕೋಟಿಗೆ ನಿಲ್ಲಿಸಿದೆ. ಅದು ನೋಡಲು ಚೆನ್ನಾಗಿಯೇ ಇತ್ತು, ಆದರೆ ತೆಗೆಯಹೋದಾಗ ಹಾಳೆಯಾಗಿ ಬಾರದೆ ಉಗುರಿನಷ್ಟು ಉಗುರಿನಷ್ಟೇ ಚೂರುಚೂರಾಗಿ ಬಂದಿತು. ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜುತ್ತ ಎರಡು ಸಂಜೆಗಳನ್ನು ಕಳೆದ ಮೇಲೆ ತಿಳಿದದ್ದೇನೆಂದರೆ, ತೆಳುವಾದ ಲೇಪನದ ಮೇಲೆ ಇನ್ನೂ ಮೂರ್ನಾಲ್ಕು ಕೋಟು ಹೊಡೆದು ಒಣಗಿಸಿದರೆ ಎರಡೂ ಒಟ್ಟಿಗೆ ಸುಲಿದು ಬರುತ್ತವೆ. ಈ ಪಾಠಕ್ಕೆ ಎರಡು ಡಬ್ಬಿ, ಅಂದರೆ ಸುಮಾರು 1,400 ರೂಪಾಯಿ ಹೋಯಿತು.

ಮೂರನೆಯ ಸಲ ಜನವರಿಯ ಬಿಸಿಲಿಗಾಗಿ ಕಾದೆ. ಟೈರ್ ಪಾಲಿಶ್‌ನ ಜಿಡ್ಡು ಒಂದಿಷ್ಟು ಉಳಿದರೂ ಅಂಚು ಏಳುತ್ತದೆ ಎಂಬ ಅನುಮಾನವಿದ್ದುದರಿಂದ ತೊಳೆಯುವುದಕ್ಕೇ ಅರ್ಧ ದಿನ ಕೊಟ್ಟೆ. ಈ ಲೇಪನ ಗೀರುಗಳನ್ನು ತುಂಬುವುದಿಲ್ಲವಾದ್ದರಿಂದ ಅಂಚಿನ ಆಳವಾದ ಗಾಯಗಳಿಗೆ ಮೊದಲೇ ಪುಟ್ಟಿ ಹಚ್ಚಿ, 400 ಮತ್ತು 800 ನಂಬರಿನ, ನೀರು ಹಾಕಿ ಉಜ್ಜುವ ವಾಟರ್ ಪೇಪರಿನಿಂದ ಸಮ ಮಾಡಿದೆ. ಟೈರ್ ಮತ್ತು ರಿಮ್ಮಿನ ನಡುವೆ ಇಸ್ಪೀಟು ಎಲೆಗಳನ್ನು ಸಾಲಾಗಿ ಸಿಕ್ಕಿಸಿದೆ. ಒಂದು ಕಟ್ಟಿನ ಎಲೆಗಳು ಧಾರಾಳವಾಗಿ ಸಾಕಾದವು. ನಟ್ ಕೂರುವ ಜಾಗಕ್ಕೆ ಮತ್ತು ಚಕ್ರವನ್ನು ಹೊರುವ ಹಬ್‌ಗೆ ಒತ್ತುವ ಹಿಂಬದಿಗೆ ಮಾತ್ರ ಒಂದು ಹನಿಯೂ ಬೀಳದಂತೆ ಟೇಪ್ ಅಂಟಿಸಿದೆ. ಅಲ್ಲಿ ರಬ್ಬರ್ ಸಿಕ್ಕಿಕೊಂಡರೆ ನಟ್ ಸಡಿಲವಾಗುತ್ತದೆ, ಅದರಲ್ಲಿ ತಮಾಷೆಯಿಲ್ಲ.

ಮೊದಲ ಕೋಟು ಧೂಳು ಹಾರಿ ಕೂತಂತಿರಬೇಕು, ಹಳೆಯ ಬಣ್ಣ ಅರ್ಧ ಕಾಣುತ್ತಲೇ ಇರಬೇಕು. ಹತ್ತು ಹದಿನೈದು ನಿಮಿಷಗಳ ಅಂತರದಲ್ಲಿ ಒಟ್ಟು ಆರು ಕೋಟು ಹೊಡೆದೆ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹನಿ ಸಣ್ಣಗಾಗುತ್ತದೆ. ಕೊನೆಯ ಕೋಟಿಗೆ ಕೈಯನ್ನು ಯಾವ ದೂರದಲ್ಲಿ, ಯಾವ ಓರೆಯಲ್ಲಿ ಹಿಡಿದರೆ ಕಾರ್ಖಾನೆಯ ಬಣ್ಣದಂಥ ನಯ ಬರುತ್ತದೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಅದಕ್ಕೆ ನಾನು ಒಂದು ಚಕ್ರವನ್ನೇ ಬಲಿ ಕೊಟ್ಟಿದ್ದೇನೆ. ಟೇಪನ್ನು ಕೊನೆಯ ಕೋಟು ಹಸಿಯಿರುವಾಗಲೇ ಎಳೆಯದಿದ್ದರೆ ಅಂಚು ಹರಿಯುತ್ತದೆ.

ಹಿಂದಿನ ಎಡ ಚಕ್ರಕ್ಕೆ ಹೊಳಪು ಬರಲೆಂದು ಮಾಮೂಲಿ ಕ್ಲಿಯರ್ ಲ್ಯಾಕರ್ ಹೊಡೆದು ನೋಡಿದೆ. ಕೆಳಗಿನ ರಬ್ಬರ್ ಬಾಗುತ್ತದೆ, ಮೇಲಿನ ಲ್ಯಾಕರ್ ಬಾಗುವುದಿಲ್ಲ. ತಿಂಗಳೊಳಗೆ ಬಿರುಕುಗಳು ಮೂಡಿದವು. ಉಳಿದ ಲೇಪನವನ್ನು ಇಕ್ಕಳದ ಹಿಡಿಕೆಗೆ ಬಳಿದೆ, ಆ ಹಿಡಿತ ಇಂದಿಗೂ ಸೊಗಸಾಗಿದೆ.

ಹಾಳಾದ ಎರಡು ಡಬ್ಬಿಗಳೂ ಸೇರಿ ಒಟ್ಟು ಖರ್ಚು ಐದೂವರೆ ಸಾವಿರದ ಆಸುಪಾಸು. ಮೊದಲೇ ಸರಿಯಾಗಿ ಮಾಡಿದ್ದರೆ ನಾಲ್ಕು ಸಾವಿರದಲ್ಲಿ ಮುಗಿಯುತ್ತಿತ್ತು. ಆ ನಂತರ ಒಂದು ಪೂರ್ತಿ ಮಳೆಗಾಲ ಕಳೆದಿದೆ, ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಬ್ರೇಕ್ ಕಾಯಿಸಿಕೊಂಡು ಮೂರು ಸಲ ಇಳಿದಿದ್ದೇನೆ, ಲೇಪನ ಎಲ್ಲಿಯೂ ಎದ್ದಿಲ್ಲ. ವಾಟರ್ ಸರ್ವಿಸ್‌ನವರು ಡೀಸೆಲ್ ಸಿಂಪಡಿಸಲು ಬಂದಾಗ ಮಾತ್ರ ಓಡಿಹೋಗಿ ತಡೆಯಬೇಕಾಗುತ್ತದೆ, ಏಕೆಂದರೆ ಡೀಸೆಲ್ ತಗುಲಿದರೆ ರಬ್ಬರ್ ಮೆತ್ತಗಾಗುತ್ತದೆ. ಭಾವನವರು ಕಳೆದ ವಾರ ತಮ್ಮ ಕಾರನ್ನು ನಮ್ಮ ಅಂಗಳದಲ್ಲಿ ತಂದು ನಿಲ್ಲಿಸಿ, ಡಿಕ್ಕಿಯಿಂದ ಐದು ಡಬ್ಬಿಗಳನ್ನು ತೆಗೆದು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು.