ಗೊಂದಲದ ಬೋರ್ಡ್ ಕೆಳಗೆ ದಂಡ ಬಿತ್ತೇ? ಆಕ್ಷೇಪಣೆ ಹೀಗೆ ಸಲ್ಲಿಸಿ

ನೋ ಪಾರ್ಕಿಂಗ್ ದಂಡ ಬಿದ್ದಾಗ ಬಹಳಷ್ಟು ಜನ ಮೊದಲು ಹಣ ಕಟ್ಟಿ ಆಮೇಲೆ ತಕರಾರು ತೆಗೆಯುತ್ತಾರೆ. ಅದು ತಪ್ಪು. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ದಂಡ ಕಟ್ಟಿದೊಡನೆ ಪ್ರಕರಣ ಮುಗಿಯುತ್ತದೆ. ಸರ್ಕಾರ ರಿಯಾಯಿತಿ ಕೊಟ್ಟಾಗ ಅರ್ಧ ದಂಡ ಕಟ್ಟಿದರೂ ಅಷ್ಟೇ.

1. ಚಲನ್ ಅಸಲಿಯೇ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಕಡತ) ಒತ್ತಲೇಬೇಡಿ, ಬ್ಯಾಂಕ್ ಖಾತೆ ಖಾಲಿಯಾಗಬಹುದು. ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ಹುಡುಕಿ.

2. ಫೋಟೊ ತೆಗೆಯಿರಿ. ಹೆಚ್ಚಿನವರು ಸೋಲುವುದು ಇಲ್ಲೇ. ಬೋರ್ಡಿನ ಹತ್ತಿರದ ಚಿತ್ರವೊಂದೇ ಇದ್ದರೆ ಅದು ಚೆನ್ನಾಗಿ ಕಾಣುತ್ತಿತ್ತು ಎಂದೇ ಸಾಬೀತಾಗುತ್ತದೆ! ಚಾಲಕನ ಸೀಟಿನಿಂದ ಒಂದು, ನೀವು ಬಂದ ದಿಕ್ಕಿನಲ್ಲಿ ಇಪ್ಪತ್ತು ಹೆಜ್ಜೆ ಹಿಂದಿನಿಂದ ಒಂದು, ಬೋರ್ಡ್ ಮತ್ತು ಗಾಡಿ ನಿಂತ ಜಾಗ ಎರಡೂ ಬರುವಂತೆ ಒಂದು, ಕೊನೆಗೆ ಬರಹದ್ದು ಒಂದು. ರಾತ್ರಿ ದಂಡ ಬಿದ್ದಿದ್ದರೆ ರಾತ್ರಿಯೇ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಫ್ಲ್ಯಾಶ್ ಬಿದ್ದರೆ ಹೊಳೆಯುವ ಹಾಳೆಯ ಮೇಲಿನ ಅಕ್ಷರ ಬೆಳ್ಳಗಾಗುತ್ತದೆ. ಕೊಂಬೆ ಅಡ್ಡ ಬಂದಿದ್ದರೆ ಯಾರಾದರೂ ಕಡಿಯುವ ಮೊದಲೇ ಹೋಗಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಸಾಲದು. ಅದರಲ್ಲಿ ತೆಗೆದ ಸಮಯದ ದಾಖಲೆ ಅಳಿಸಿಹೋಗಿರುತ್ತದೆ. ಮೂಲ ಫೈಲ್ ಇಟ್ಟುಕೊಳ್ಳಿ.

3. ಬೋರ್ಡನ್ನು ಕಾನೂನಿನೊಂದಿಗೆ ಹೋಲಿಸಿ. 116ನೇ ಸೆಕ್ಷನ್ ಪ್ರಕಾರ ಫಲಕದ ಅಳತೆ, ಬಣ್ಣ, ಅರ್ಥ ಕಾಯ್ದೆಯ ಅನುಸೂಚಿಯಲ್ಲಿರುವಂತೆಯೇ ಇರಬೇಕು. ಕೆಂಪು ಅಂಚಿನ ನೀಲಿ ವೃತ್ತದಲ್ಲಿ ಒಂದೇ ಓರೆಗೆರೆಯಿದ್ದರೆ ಪಾರ್ಕಿಂಗ್ ನಿಷೇಧ, ಕತ್ತರಿಯಂತೆ ಎರಡು ಗೆರೆಯಿದ್ದರೆ ಕ್ಷಣಕಾಲ ನಿಲ್ಲಿಸುವುದೂ ನಿಷೇಧ. ಅಂಗಡಿಯವರು ಬರೆಸಿದ ‘ಗಾಳಿ ತೆಗೆಯಲಾಗುವುದು’ ತಗಡು ಸರ್ಕಾರಿ ಫಲಕವಲ್ಲ. ‘ಸಮ ದಿನ’ ಎಂದಷ್ಟೇ ಬರೆದಿದ್ದರೆ ದಿನಾಂಕವೋ ವಾರವೋ ತಿಳಿಯದು, ರಸ್ತೆಯ ಯಾವ ಬದಿಗೆ ಎಂಬುದೂ ತಿಳಿಯದು. ಅದನ್ನೇ ಬರೆಯಿರಿ. ಇಂಥ ಬೋರ್ಡ್ ನೆಟ್ಟು ದಂಡ ಕೇಳುವುದು ಅನ್ಯಾಯ.

ಆದರೆ ಗೇಟಿನ ಮುಂದೆ, ಫುಟ್‌ಪಾತ್ ಮೇಲೆ, ಜೀಬ್ರಾ ಪಟ್ಟೆಯ ಮೇಲೆ, ಬಸ್ ನಿಲ್ದಾಣದ ಬಳಿ ನಿಲ್ಲಿಸಿದ್ದರೆ ದಂಡ ಕಟ್ಟಿಬಿಡಿ. ಅಲ್ಲಿ ಬೋರ್ಡೇ ಬೇಕಿಲ್ಲ.

4. ಕ್ಯಾಮೆರಾ ಚಲನ್ ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿದ 167ಎ ನಿಯಮ ನೋಡಿ: ನೋಟಿಸ್ 15 ದಿನದೊಳಗೆ ಕಳಿಸಿರಬೇಕು, ನಂಬರ್ ಪ್ಲೇಟ್ ಕಾಣುವ ಚಿತ್ರ, ಸಮಯ, ಸ್ಥಳ, ಸೆಕ್ಷನ್ ಇರಬೇಕು, ಕ್ಯಾಮೆರಾ ಇದೆಯೆಂಬ ಎಚ್ಚರಿಕೆ ಫಲಕವೂ ರಸ್ತೆಯಲ್ಲಿರಬೇಕು.

5. ಒಂದು ಪುಟದ ಅರ್ಜಿ ಸಾಕು: ಚಲನ್ ಸಂಖ್ಯೆ, ಫಲಕದಲ್ಲಿರುವ ಬರಹ ಅಕ್ಷರಶಃ, ಅದರ ಕೊರತೆ, ಫೋಟೊಗಳು. ‘ನನಗೆ ಗೊತ್ತಿರಲಿಲ್ಲ’ ಎಂದು ಬರೆಯಬೇಡಿ, ಕಾನೂನು ಅದನ್ನು ಒಪ್ಪುವುದಿಲ್ಲ. ಸಂಚಾರ ಠಾಣೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರಕರಣ ವರ್ಚುವಲ್ ಕೋರ್ಟಿಗೆ (ಆನ್‌ಲೈನ್ ನ್ಯಾಯಾಲಯಕ್ಕೆ) ಹೋಗಿದ್ದರೆ ಅಲ್ಲಿ ಹಣ ಕಟ್ಟುವ ಬದಲು ವಿಚಾರಣೆ ಕೋರುವ ಆಯ್ಕೆ ಒತ್ತಿ. ನ್ಯಾಯಾಲಯ ಕರೆದ ದಿನ ಫೋಟೊಗಳ ಮುದ್ರಿತ ಪ್ರತಿ ಒಯ್ಯಿರಿ.